ಕೊನೆಯ ಹಾರ್ನ್ ಮಾತಾಡುತ್ತಿದೆಯೇ?

ಜಾತ್ರೆಯ ಹಿಂದಿನ ದಿನ ಮೈಕ್‌ಸೆಟ್ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಗುಡಿ ಮುಂದೆ ಆಂಪ್ಲಿಫೈಯರ್, ಅಲ್ಲಿಂದ ತೇರುಬೀದಿ ಉದ್ದಕ್ಕೂ ವೈರು, ಅಲ್ಲಲ್ಲಿ ಕಂಬಕ್ಕೊಂದು ಹಾರ್ನ್. ಮೈಕ್‌ಸೆಟ್‌ನವರು 'ಹಲೋ, ಹಲೋ' ಅನ್ನುತ್ತಾರೆ. ಕೊನೆಯ ಹಾರ್ನ್ ಕೆಳಗೆ ನಿಂತ ಹುಡುಗ ಕೈ ಎತ್ತುತ್ತಾನೆ. ಕೇಳಿಸಿತು ಅಂತ ಅರ್ಥ.

ಆಮೇಲೆ ಹುಡುಗ ಮನೆಗೆ ಹೋಗುತ್ತಾನೆ. ಯಾವುದೋ ಟ್ರಾಕ್ಟರ್ ತಗುಲಿ ನಡುವೆ ವೈರು ಕಿತ್ತರೆ ಆಂಪ್ಲಿಫೈಯರ್ ಮುಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಅವರ ಹತ್ತಿರದ ಹಾರ್ನ್ ಕೂಗುತ್ತಲೇ ಇರುತ್ತದೆ. ಮಗು ಕಳೆದಿದೆ, ಈ ದಾರಿಯಲ್ಲಿ ನೂಕುನುಗ್ಗಲಿದೆ ಎಂಬ ಮಾತು ಮಾತ್ರ ಆ ತುದಿ ಮುಟ್ಟುವುದಿಲ್ಲ.

ಸುಮ್ಮನಿರುವ ಹಾರ್ನ್‌ಗೆ ಎರಡು ಅರ್ಥ. ಯಾರೂ ಮಾತಾಡುತ್ತಿಲ್ಲ, ಇಲ್ಲವೇ ವೈರು ಕಿತ್ತಿದೆ. ಯಾವುದು ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಮೈಕ್ ಹುಟ್ಟುವ ಮೊದಲೇ ರೈಲಿನವರ ಬಳಿ ಇತ್ತು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ರೈಲು ಹಳಿಯಲ್ಲಿ ಸದಾ ಸಣ್ಣ ಕರೆಂಟು ಹರಿಯುವಂತೆ ಮಾಡಿದರು. ಕರೆಂಟು ಆಚೆ ತುದಿಯ ರಿಲೇ ತಲುಪುತ್ತಿದ್ದರೆ ದಾರಿ ಖಾಲಿ. ರೈಲು ಬಂದು ನಿಂತರೆ ಕರೆಂಟು ಚಕ್ರದ ಮೂಲಕವೇ ಹಿಂತಿರುಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ವೈರು ಕಿತ್ತರೂ ಬ್ಯಾಟರಿ ಸತ್ತರೂ ಕೆಂಪೇ. ಕೆಟ್ಟದ್ದು ತಾನಾಗಿ ಗೊತ್ತಾಗಬೇಕು ಎನ್ನುವುದೇ ಇದರ ಗುಟ್ಟು.

ಧ್ವನಿವರ್ಧಕ ಬಂದದ್ದು ಆಮೇಲೆ. 1915ರ ಡಿಸೆಂಬರ್ 24ರಂದು ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಸ್ಯಾನ್ ಫ್ರಾನ್ಸಿಸ್ಕೊದ ನಗರ ಸಭಾಭವನದ ಮುಂದೆ ಭಾರಿ ಜನಸಂದಣಿಗೆ ಕೇಳುವಂತೆ ಅದನ್ನು ನುಡಿಸಿದರು. ನಮ್ಮ ದೇಶದಲ್ಲಿ 1930ರ ದಶಕದ ಕಾಂಗ್ರೆಸ್ ಸಭೆಗಳಿಗೆ ನಾನಿಕ್ ಮೋಟ್ವಾನೆಯವರ ಶಿಕಾಗೊ ರೇಡಿಯೊ ಧ್ವನಿವರ್ಧಕ ಒದಗಿಸುತ್ತಿತ್ತು.

ದೂರದೂರಕ್ಕೆ ಹಾರ್ನ್ ಹಾಕಲು 100 ವೋಲ್ಟ್ ಲೈನ್ ಬಳಕೆಗೆ ಬಂತು. ಆಂಪ್ಲಿಫೈಯರ್ ವೋಲ್ಟೇಜ್ ಏರಿಸಿ ಕಳಿಸುತ್ತದೆ, ಪ್ರತಿ ಹಾರ್ನ್‌ನ ಪುಟ್ಟ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿಕೊಳ್ಳುತ್ತದೆ. ಹೀಗಾಗಿ ಸಣ್ಣ ವೈರಿನಲ್ಲೇ ಹತ್ತಾರು ಹಾರ್ನ್ ನಡೆಯುತ್ತವೆ. ಆದರೆ ನಡುವೆ ಕಿತ್ತರೆ ಅದರಾಚೆಯವೆಲ್ಲ ಮೂಕ. ಎರಡು ವೈರು ಒಂದಕ್ಕೊಂದು ತಾಗಿದರೆ ಇಡೀ ಲೈನೇ ಮೂಕ.

ಇದನ್ನು ಹಿಡಿಯಲು ಮುಖ್ಯವಾಗಿ ಎರಡು ದಾರಿ. ಒಂದು, ಲೈನಿನ ಒಟ್ಟು ಇಂಪಿಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಅಳೆದು ನೆನಪಿಟ್ಟುಕೊಳ್ಳುವುದು. 10 ವ್ಯಾಟ್‌ನ 10 ಹಾರ್ನ್ ಇದ್ದರೆ ಸುಮಾರು 100 ಓಮ್. ಒಂದು ಕಳಚಿದರೆ 111 ಆಗುತ್ತದೆ, ಯಂತ್ರಕ್ಕೆ ಗೊತ್ತಾಗುತ್ತದೆ. 50 ಹಾರ್ನ್ ಇದ್ದರೆ ಮಾತ್ರ 20 ಓಮ್ ಹೋಗಿ 20.4 ಆಗುತ್ತದೆ, ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದು ಕಷ್ಟ.

ಇನ್ನೊಂದು ರೈಲಿನವರ ದಾರಿ. ಮನುಷ್ಯರ ಕಿವಿಗೆ ಕೇಳದ, ಸೆಕೆಂಡಿಗೆ ಸುಮಾರು 20,000 ಕಂಪನಗಳ ಸಣ್ಣ ದನಿಯನ್ನು ಲೈನಿನಲ್ಲಿ ಸದಾ ಹರಿಸುವುದು. ಕೊನೆಯ ಹಾರ್ನ್ ಬಳಿ ಕೂರಿಸಿದ ಸಾಧನ ಅದು ಬರುತ್ತಿದೆಯೇ ಎಂದು ಕಾಯುತ್ತದೆ. ಬಾರದಿದ್ದರೆ ಕಚೇರಿಯಲ್ಲಿ ದೀಪ ಹತ್ತುತ್ತದೆ. ಮನೆಗೆ ಹೋಗದ ಹುಡುಗ ಅಂದರೆ ಇದೇ.

ಕಟ್ಟಡಗಳಲ್ಲಿ ಬೆಂಕಿ ಬಿದ್ದಾಗ ಮೈಕಿನಲ್ಲೇ ಜನರನ್ನು ಹೊರಗೆ ಕಳಿಸುವ ವ್ಯವಸ್ಥೆಗೆ ಈ ಕಾವಲು ಕಡ್ಡಾಯವಾಯಿತು. 2008ರ ಯುರೋಪಿನ ಇಎನ್ 54-16 ಮಾನದಂಡದ ಪ್ರಕಾರ ಲೈನ್ ಕಿತ್ತರೂ ಶಾರ್ಟ್ ಆದರೂ 100 ಸೆಕೆಂಡಿನೊಳಗೆ ತೋರಿಸಬೇಕು.

ನಮ್ಮ ಜಾತ್ರೆಗೆ ಅಂಥ ಯಂತ್ರ ತರಿಸುವುದು ಆಗದ ಮಾತು ಇರಬಹುದು. ಆದರೆ ಎರಡು ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಹಾರ್ನ್‌ಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಬೇರೆ ಲೈನಿಗೆ, ಆದರೆ ಎರಡು ಆಂಪ್ಲಿಫೈಯರ್‌ಗೆ ಕೊಡಿಸಿ. ಒಂದು ಸತ್ತರೆ ಬೀದಿಯ ಅರ್ಧ ಹಾರ್ನ್‌ಗಳಾದರೂ ಮಾತಾಡುತ್ತವೆ. ಕೊನೆಯ ಹಾರ್ನ್ ಕೆಳಗೆ ಫೋನ್ ಹಿಡಿದ ಒಬ್ಬರನ್ನು ಪಾಳಿಯಂತೆ ಕೂರಿಸಿ.

ತೇರು ಎಳೆದು ಮುಗಿಯುವವರೆಗೆ ಅವರು ಅಲ್ಲೇ ಇರಲಿ.