ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಮತ್ತು ಶಿಲೀಂಧ್ರ ಸೋಂಕು
ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದಾಗ ಗಾಳಿಯಲ್ಲಿರುವ ಆಸ್ಪರ್ಜಿಲಸ್ ಶಿಲೀಂಧ್ರ ಮಗುವಿನ ಶ್ವಾಸಕೋಶಕ್ಕೆ, ಕರುಳಿನಲ್ಲಿರುವ ಕ್ಯಾಂಡಿಡಾ ರಕ್ತಕ್ಕೆ ಇಳಿಯಬಹುದು. ಮಟ್ಟಾಂಚೇರಿಯ ಹಳೆಯ ಮನೆಗಳಲ್ಲಿ ಮಳೆಗಾಲದ ಬೂಷ್ಟು ಹೊಸದೇನಲ್ಲ. ಮಗು ಕೋಣೆಯಲ್ಲಿರುವಾಗ ಮಾತ್ರ ಅದನ್ನು ಕೆರೆಯಬೇಡಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ. ಚಿಕಿತ್ಸೆ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ನಡೆಯುತ್ತಿದ್ದರೂ ಅದು ಸುಮಾರು 200 ಕಿ.ಮೀ. ದೂರ. ಮೊದಲು ಕೊಚ್ಚಿಯ ಆಸ್ಪತ್ರೆಗೆ ಹೋಗಿ, ದಾರಿಯಿಂದಲೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಆಂಟಿಬಯೋಟಿಕ್ ಕೊಟ್ಟು ನಾಲ್ಕು ದಿನವಾದರೂ ಜ್ವರ ಇಳಿಯದಿದ್ದರೆ ವೈದ್ಯರು ಶಿಲೀಂಧ್ರವನ್ನು ಶಂಕಿಸಿ ಸಿಟಿ ಸ್ಕ್ಯಾನ್ ಮಾಡಿಸಬಹುದು.

ಔಷಧ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ಒಂದು ಜೋಡಿಯನ್ನು. ವೊರಿಕೊನಜೋಲ್, ಇಟ್ರಾಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ಲ್ಯುಕೇಮಿಯಾಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ದೇಹದಿಂದ ಹೊರಹೋಗುವುದನ್ನು ತಡೆಯುತ್ತವೆ. ಆಗ ತೀವ್ರ ಮಲಬದ್ಧತೆ, ದವಡೆ ನೋವು, ಕಾಲಿನ ಬಲಹೀನತೆ, ಕೆಲವೊಮ್ಮೆ ಫಿಟ್ಸ್ ಬರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಪ್ರತಿ ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೂ ಮುನ್ನ ಎಲ್ಲ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.