ಹೈಫಾದಲ್ಲಿ ಗೆದ್ದ ಈಟಿ, ಹರಿತಾನ್‌ನಲ್ಲಿ ಬಿದ್ದ ಸವಾರರು

ಪ್ರತಿ ವರ್ಷ ಸೆಪ್ಟೆಂಬರ್ 23 ಬಂತು ಅಂದ್ರೆ ನಮ್ಮ ವಾಟ್ಸಾಪ್ ಗುಂಪುಗಳಿಗೆಲ್ಲ ಒಂದೇ ಸಂದೇಶ ಹರಿದು ಬರುತ್ತದೆ: ಬರೀ ಈಟಿ ಹಿಡಿದು ಮೆಷಿನ್ ಗನ್ನುಗಳನ್ನು ಸೋಲಿಸಿದ ಮೈಸೂರಿನ ಕುದುರೆ ಸವಾರರು ಅಂತ. ಕೆಳಗೆ ಕೈ ಮುಗಿದ ಚಿತ್ರ, ಹಳದಿ-ಕೆಂಪು ಬಾವುಟ. ಕಳೆದ ವರ್ಷ ನಮ್ಮ ರೂಮಿನಲ್ಲೇ ಇದರ ಮೇಲೆ ದೊಡ್ಡ ವಾದ ನಡೆಯಿತು. "ಇದೆಲ್ಲ ಕಟ್ಟುಕತೆ, ಮೆಷಿನ್ ಗನ್ ಮುಂದೆ ಕುದುರೆ ಏನು ಮಾಡುತ್ತೆ ಮಾರಾಯ?" ಅಂತ ಒಬ್ಬ. "ನಮ್ಮವರ ತಾಕತ್ತು ನಿನಗೇನು ಗೊತ್ತು?" ಅಂತ ಇನ್ನೊಬ್ಬ. ಅನ್ನ ತಣ್ಣಗಾಯಿತೇ ಹೊರತು ವಾದ ಮುಗಿಯಲಿಲ್ಲ. ಆಮೇಲೆ ಶುಕ್ರವಾರಗಳಲ್ಲಿ ಕೂತು ಓದಿದಾಗ ನನಗೆ ಅನಿಸಿದ್ದು, ಇಬ್ಬರದ್ದೂ ಅರ್ಧ ಸರಿ. ಹೈಫಾದ ಕತೆ ನಿಜ. ಆದರೆ ಆ ಸಂದೇಶದಲ್ಲಿ ಬಾರದ ಇನ್ನೊಂದು ಊರಿನ ಹೆಸರು ಇದೆ. ಅದನ್ನು ಬಿಟ್ಟರೆ ಕತೆ ಪೂರ್ತಿ ಆಗುವುದಿಲ್ಲ.

ಮೊದಲು ಮೆಷಿನ್ ಗನ್ನಿನ ವಿಷಯ. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಹೈರಮ್ ಮ್ಯಾಕ್ಸಿಮ್ ಎಂಬಾತ 1884ರಲ್ಲಿ ಇದನ್ನು ಮಾಡಿ ತೋರಿಸಿದ. ಅದಕ್ಕೂ ಮೊದಲು ಗ್ಯಾಟ್ಲಿಂಗ್ ಥರದ ಬಂದೂಕುಗಳು ಇದ್ದವು. ಅವಕ್ಕೆ ಹಿಡಿಕೆ ತಿರುಗಿಸಬೇಕಿತ್ತು, ಕಬ್ಬಿನ ಗಾಣದ ಹಾಗೆ. ಬಂದೂಕು ಹಾರಿಸಿದವರಿಗೆ ಗೊತ್ತು, ಗುಂಡು ಮುಂದಕ್ಕೆ ಹೋದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಅಲ್ಲಿಯವರೆಗೆ ಆ ಒದೆತ ಸಿಪಾಯಿಯ ಭುಜಕ್ಕೆ ನೋವು ಕೊಡುವುದಕ್ಕೆ ಮಾತ್ರ ಇತ್ತು. ಮ್ಯಾಕ್ಸಿಮ್ ಅದನ್ನೇ ಕೆಲಸಕ್ಕೆ ಹಚ್ಚಿದ. ಆ ಒದೆತದಿಂದಲೇ ಖಾಲಿ ತೋಟಾ ಹೊರಗೆ ಬೀಳಬೇಕು, ಹೊಸ ತೋಟಾ ಒಳಗೆ ಕೂರಬೇಕು, ಮತ್ತೆ ಗುಂಡು ಹಾರಬೇಕು. ಕುದುರೆಲಗಾಮು ಒತ್ತಿ ಹಿಡಿದರೆ ಸಾಕು, ನಿಮಿಷಕ್ಕೆ ಸುಮಾರು 500 ಗುಂಡು. ಕೊಳವೆ ಕಾದು ಕೆಂಪಾಗದ ಹಾಗೆ ಸುತ್ತಲೂ ನೀರು ತುಂಬಿದ ಅಂಗಿ. ತೋಟಾಗಳು ಬಟ್ಟೆಯ ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿರುತ್ತಿದ್ದವು, ಒಂದು ಪಟ್ಟಿಗೆ 250.

ಮೊದಮೊದಲು ಯುರೋಪಿನವರು ಇದನ್ನು ಆಫ್ರಿಕಾದ ಜನರ ಮೇಲೆ ಪ್ರಯೋಗಿಸಿದರು. ತಮ್ಮ ಮೇಲೇ ತಿರುಗಿದಾಗ ಏನಾಗುತ್ತೆ ಅಂತ 1914ರಲ್ಲಿ ಗೊತ್ತಾಯಿತು. 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು, ಬಹಳಷ್ಟು ಜನ ಜರ್ಮನರ ಮೆಷಿನ್ ಗನ್ನುಗಳಿಗೆ. ಕಂದಕ, ಮುಳ್ಳುತಂತಿ, ಮೆಷಿನ್ ಗನ್ ಈ ಮೂರೂ ಸೇರಿದ ಕಡೆ ಕುದುರೆಗೆ ಜಾಗವೇ ಇರಲಿಲ್ಲ. ಅಶ್ವದಳಗಳು ವರ್ಷಗಟ್ಟಲೆ ಹಿಂದೆ ನಿಂತು, 'ತಂತಿಯಲ್ಲಿ ದಾರಿ ಬಿಟ್ಟಾಗ ನುಗ್ಗೋಣ' ಅಂತ ಕಾದವು. ಆ ದಾರಿ ಬಿಡಲೇ ಇಲ್ಲ.

ನಮ್ಮ ಮೈಸೂರಿನವರು ಫ್ರಾನ್ಸಿಗೆ ಹೋಗಲಿಲ್ಲ. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧ ಬಂದರೆ ಬ್ರಿಟಿಷರಿಗೆ ಕಳುಹಿಸಿಕೊಡುವ 'ಇಂಪೀರಿಯಲ್ ಸರ್ವಿಸ್' ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಈ ಸವಾರರನ್ನೂ ಕಳಿಸಿದರು. ಕರ್ನಲ್ ದೇಸರಾಜ ಅರಸರ ಮುಂದಾಳತ್ವದಲ್ಲಿ ಬೆಂಗಳೂರಿನಿಂದ ರೈಲು ಹತ್ತಿ, ಬೊಂಬಾಯಿಯಲ್ಲಿ ಕುದುರೆ ಸಮೇತ ಹಡಗು ಹತ್ತಿ ಈಜಿಪ್ಟಿಗೆ ಹೋದರು. 1914ರ ಕೊನೆಯಲ್ಲಿ ಮನೆ ಬಿಟ್ಟವರು ಯುದ್ಧ ಮುಗಿಯುವವರೆಗೂ ಆ ಮರಳಿನಲ್ಲೇ ಇದ್ದರು. ಎರಡು ವರ್ಷಕ್ಕೊಮ್ಮೆ ರಜೆ ಅಂತ ಟಿಕೆಟ್ ಎಣಿಸುವ ನಮಗೆ ಆ ನಾಲ್ಕು ವರ್ಷ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಕೆಲಸ ಸೂಯೆಜ್ ಕಾಲುವೆ ಕಾಯುವುದು. 1915ರ ಫೆಬ್ರವರಿಯಲ್ಲಿ ತುರ್ಕರು ತಗಡಿನ ದೋಣಿಗಳನ್ನು ಮರಳುಗಾಡಿನ ಮೇಲೆ ಎಳೆದು ತಂದು ಕಾಲುವೆ ದಾಟಲು ನೋಡಿದರು, ಆಗಲಿಲ್ಲ. ಅಲ್ಲಿಂದ ಯುದ್ಧ ನಿಧಾನವಾಗಿ ಸಿನಾಯ್ ದಾಟಿ ಪ್ಯಾಲೆಸ್ಟೀನಿಗೆ ಸರಿಯಿತು. ಹೊಸ ಆಯುಧಗಳು ಒಂದೊಂದಾಗಿ ಇಲ್ಲಿಗೂ ಬಂದವು. 1917ರ ಏಪ್ರಿಲ್‌ನಲ್ಲಿ ಗಾಜಾದ ಎರಡನೇ ಕದನದಲ್ಲಿ ಬ್ರಿಟಿಷರು ಎಂಟು ಟ್ಯಾಂಕುಗಳನ್ನೂ ವಿಷಾನಿಲದ ಷೆಲ್ಲುಗಳನ್ನೂ ತಂದರು. ಆದರೂ ಸೋತರು. ಆಮೇಲೆ ಜನರಲ್ ಅಲೆನ್‌ಬಿ ಬಂದ. ಅವನು ಗಾಜಾವನ್ನು ಎದುರಿನಿಂದ ಗುದ್ದುವುದು ಬಿಟ್ಟು, ಬದಿಯಿಂದ ಬೀರ್‌ಶೆಬಾ ಹಿಡಿದ. ಡಿಸೆಂಬರಿನಲ್ಲಿ ಜೆರುಸಲೇಮ್ ಕೈಗೆ ಬಂತು.

1918ರ ಸೆಪ್ಟೆಂಬರ್ 19ರ ಬೆಳಗಿನ ಜಾವ ಅಲೆನ್‌ಬಿಯ ಫಿರಂಗಿಗಳು ಕರಾವಳಿಯ ಬಳಿ ತುರ್ಕರ ಸಾಲನ್ನು ಒಡೆದವು. ಕಾಲಾಳುಗಳು ದಾರಿ ಮಾಡಿಕೊಟ್ಟರು, ಕುದುರೆಗಳು ನುಗ್ಗಿದವು. ಫ್ರಾನ್ಸಿನಲ್ಲಿ ನಾಲ್ಕು ವರ್ಷ ಕಾದರೂ ಬಿಡದ ದಾರಿ ಇಲ್ಲಿ ಒಂದು ಬೆಳಿಗ್ಗೆಗೆ ಬಿಟ್ಟಿತು. 21ರಂದು ಕಣಿವೆಯೊಂದರಲ್ಲಿ ಹಿಮ್ಮೆಟ್ಟುತ್ತಿದ್ದ ತುರ್ಕರ ಗಾಡಿಸಾಲಿನ ಮೇಲೆ ವಿಮಾನಗಳು ಗಂಟೆಗಟ್ಟಲೆ ಬಾಂಬು ಹಾಕಿದವು. ಅಂದರೆ ನಮ್ಮವರು ಹೈಫಾ ಮುಟ್ಟುವ ಹೊತ್ತಿಗೆ ಎದುರಿನ ಸೈನ್ಯದ ಬೆನ್ನು ಮುರಿದಾಗಿತ್ತು. ಇದನ್ನು ನೆನಪಿಡಿ.

22ರಂದು ಉಕ್ಕಿನ ಕವಚದ ಕಾರುಗಳು ಹೈಫಾ ಕಡೆ ಹೋಗಿ ಗುಂಡಿನ ಸುರಿಮಳೆಗೆ ಸಿಕ್ಕಿ ವಾಪಸ್ಸು ಬಂದವು. ಮರುದಿನ ಕುದುರೆಗಳ ಸರದಿ. ಹೈಫಾಕ್ಕೆ ಹೋಗುವ ದಾರಿ ಇಕ್ಕಟ್ಟಿನದು. ಎಡಗಡೆ ಕಾರ್ಮೆಲ್ ಬೆಟ್ಟ, ಬಲಗಡೆ ಕಿಶೋನ್ ನದಿಯ ಕೆಸರು. ಬೆಟ್ಟದ ಮೇಲೆ ಫಿರಂಗಿ, ಇಳಿಜಾರಿನಲ್ಲಿ ಮೆಷಿನ್ ಗನ್. ಬೆಳಿಗ್ಗೆ ಸುಮಾರು ಹತ್ತಕ್ಕೆ ಮುಂದೆ ಹೋಗುತ್ತಿದ್ದ ಮೈಸೂರು ಲ್ಯಾನ್ಸರ್ಸ್ ಮೇಲೆ ಗುಂಡು ಶುರುವಾಯಿತು. ಅವರಲ್ಲಿ ಒಂದು ತುಕಡಿಗೆ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯುವ ಕೆಲಸ ಬಿತ್ತು. ಕಡಿದಾದ ಕಾಲುದಾರಿ, ಕಲ್ಲು, ಬಿಸಿಲು. ಕುದುರೆಗಳು ಸೋತವು. ತುದಿ ಮುಟ್ಟಿದಾಗ ಕುದುರೆಯ ಮೇಲೆ ಕೂತು ನುಗ್ಗುವ ಸ್ಥಿತಿಯಲ್ಲಿ ಉಳಿದಿದ್ದು ಬೆರಳೆಣಿಕೆಯ ಜನ. ಅಷ್ಟೇ ಜನ ನುಗ್ಗಿ ಫಿರಂಗಿ ಹಿಡಿದರು. ನನ್ನ ಮಟ್ಟಿಗೆ ಆ ದಿನದ ಅತಿ ದೊಡ್ಡ ಕೆಲಸ ಅದೇ. ಆದರೆ ಚಿತ್ರಗಳಲ್ಲಿ ಬರುವುದು ಕೆಳಗಿನ ಬಯಲಿನ ದಾಳಿ ಮಾತ್ರ.

ಮಧ್ಯಾಹ್ನ ಎರಡರ ಹೊತ್ತಿಗೆ ಕೆಳಗಿನಿಂದ ಜೋಧಪುರ ಲ್ಯಾನ್ಸರ್ಸ್ ಓಟ ಕಿತ್ತರು. ನದಿ ಹತ್ತಿರ ಮೊದಲ ಕುದುರೆಗಳು ಹುದುಲಿನಲ್ಲಿ ಹೂತವು. ಗುಂಡಿನ ನಡುವೆಯೇ ಇಡೀ ಪಡೆ ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಷಿನ್ ಗನ್ನುಗಳ ಮೇಲೇ ಬಿದ್ದು, ಅಲ್ಲಿಂದ ಊರೊಳಗೆ ಹೋಯಿತು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಸತ್ತರು. ಉಳಿದ ಮೈಸೂರಿನವರು ಅವರ ಹಿಂದೆಯೇ ಊರಿಗೆ ನುಗ್ಗಿದರು. ಸಂಜೆಯೊಳಗೆ ಸುಮಾರು 1,350 ಸೆರೆಯಾಳುಗಳು, 17 ಫಿರಂಗಿ, 11 ಮೆಷಿನ್ ಗನ್ ಕೈಗೆ ಬಂದಿದ್ದವು. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು, 83ಕ್ಕೆ ಗಾಯ.

ಇದು ಹೇಗಾಯಿತು? ಲೆಕ್ಕ ಹಾಕಿ ನೋಡಿ. ಓಡುವ ಮನುಷ್ಯ ತಲೆ ಮೇಲೆ ಸಾಮಾನು ಹೊತ್ತು, ಕೆಸರಿನಲ್ಲಿ, ಮುಳ್ಳುತಂತಿ ದಾಟಿ ಐನೂರು ಮೀಟರ್ ಹೋಗಲು ಹತ್ತು ನಿಮಿಷ ಹಿಡಿಯಬಹುದು. ನಾಗಾಲೋಟದ ಕುದುರೆಗೆ ಒಂದು ನಿಮಿಷವೂ ಬೇಡ. ಆ ಒಂದು ನಿಮಿಷದಲ್ಲಿ ಮೆಷಿನ್ ಗನ್ನಿನವನು ತೋಟಾಪಟ್ಟಿ ಬದಲಿಸಬೇಕು, ಗುರಿಯ ದೂರ ಕ್ಷಣಕ್ಷಣಕ್ಕೂ ಬದಲಾಗುವಾಗ ಕೊಳವೆ ತಿರುಗಿಸುತ್ತಿರಬೇಕು. ಒಂದು ಗುಂಡು ತಗುಲಿದ ಕೂಡಲೇ ಕುದುರೆ ಬೀಳುವುದೂ ಇಲ್ಲ, ಓಟದ ಬಿರುಸಿನಲ್ಲಿ ಇನ್ನೂ ಅಷ್ಟು ದೂರ ಹೋಗುತ್ತದೆ. ಸತ್ತ ಕುದುರೆಗಳ ಲೆಕ್ಕವನ್ನು ಸತ್ತ ಸವಾರರ ಲೆಕ್ಕದ ಪಕ್ಕ ಇಟ್ಟು ನೋಡಿದರೆ, ಸವಾರನಿಗೆ ಬರಬೇಕಾದದ್ದನ್ನು ಯಾರು ತೆಗೆದುಕೊಂಡರು ಅಂತ ತಿಳಿಯುತ್ತದೆ. ಹೈಫಾದಲ್ಲಿ ಮುಳ್ಳುತಂತಿ ಇರಲಿಲ್ಲ. ಇದ್ದಿದ್ದರೆ ಕತೆ ಬೇರೆ.

ಇನ್ನೊಂದು ವಿಷಯ. 'ಬರೀ ಈಟಿ' ಅನ್ನುವುದು ತಪ್ಪು. ಸವಾರರ ಹತ್ತಿರ ರೈಫಲ್ ಇತ್ತು. ಬೆಟ್ಟ ಹತ್ತಿದ ಮೈಸೂರು ತುಕಡಿಯ ಜೊತೆ ಎರಡು ಮೆಷಿನ್ ಗನ್ ಹೋಗಿದ್ದವು. ಕೆಳಗಿನ ದಾಳಿಗೆ ಹಿಂದಿನಿಂದ ಕುದುರೆ ಎಳೆಯುವ ಫಿರಂಗಿಗಳು ಗುಂಡು ಸುರಿಯುತ್ತಿದ್ದವು. ಎದುರಾಳಿಯ ತಲೆ ತಗ್ಗಿಸಿದ್ದು ಅವು, ಆ ಸಂದಿನಲ್ಲಿ ಓಡಿದ್ದು ಈಟಿ. ಇದನ್ನು ಹೇಳಿದರೆ ನಮ್ಮವರ ಧೈರ್ಯ ಕಡಿಮೆ ಆಗುವುದಿಲ್ಲ. ಫಿರಂಗಿ ಇದೆ ಅಂತ ಯಾರಾದರೂ ಸುಮ್ಮನೆ ಮೆಷಿನ್ ಗನ್ ಕಡೆ ಕುದುರೆ ಓಡಿಸಿಯಾರೇ?

ಈಗ ಆ ಇನ್ನೊಂದು ಊರು. ಹೈಫಾ ಆಗಿ ಒಂದು ತಿಂಗಳು ಮೂರು ದಿನ, ಅಕ್ಟೋಬರ್ 26. ಅದೇ ಬ್ರಿಗೇಡು ಅಲೆಪ್ಪೊ ದಾಟಿ ಉತ್ತರಕ್ಕೆ ಹೋಗುತ್ತಿತ್ತು. ಹರಿತಾನ್ ಎಂಬ ಹಳ್ಳಿಯ ಹತ್ತಿರ ತುರ್ಕರ ಹಿಂದುಳಿದ ಪಡೆ ಕಂಡಿತು. ಸಣ್ಣ ಪಡೆ ಇರಬೇಕು ಅಂದುಕೊಂಡರು. ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಈಟಿ ನೀಡಿ ನುಗ್ಗಿದರು. ಅಲ್ಲಿ ಇದ್ದವರು ಸಾವಿರಾರು ಜನ, ಅವರ ಹಿಂದೆ ಮುಸ್ತಫಾ ಕೆಮಾಲ್. ಮುಂದೆ ಅತಾತುರ್ಕ್ ಅನ್ನಿಸಿಕೊಂಡು ತುರ್ಕಿ ಕಟ್ಟಿದವರು ಅವರೇ. ಹೈಫಾದ ಕಾವಲಿನವರ ಹಾಗೆ ಇವರು ಎದೆಗುಂದಿರಲಿಲ್ಲ. ಸವಾರರ ಓಟದ ಬಿರುಸು ಮುಗಿದ ಮೇಲೆ ತುರ್ಕರು ಮತ್ತೆ ಒಟ್ಟಾಗಿ ನಿಂತು ಗುಂಡು ಹೊಡೆದರು. ನಮ್ಮವರು ಹಿಂದೆ ಸರಿಯಬೇಕಾಯಿತು. ಒಟ್ಟು ಸುಮಾರು 80 ಜನರಿಗೆ ಸಾವು-ಗಾಯ, ಸತ್ತವರು 20ಕ್ಕೂ ಹೆಚ್ಚು. ಹೈಫಾದಲ್ಲಿ ಸತ್ತವರ ಎರಡು ಪಟ್ಟಿಗಿಂತ ಜಾಸ್ತಿ. ಅದೇ ಈಟಿ, ಅದೇ ಧೈರ್ಯ. ನಾಲ್ಕು ದಿನ ಬಿಟ್ಟು, ಅಕ್ಟೋಬರ್ 30ರಂದು, ತುರ್ಕರ ಜೊತೆ ಕದನವಿರಾಮ ಆಯಿತು.

ನಾಲ್ಕು ವರ್ಷ ಮರಳಿನಲ್ಲಿ ಕಳೆದು, ಇನ್ನು ನಾಲ್ಕೇ ದಿನ ಇತ್ತು. ಅವರ ಹೆಸರಿನಲ್ಲಿ ಯಾರೂ ಸಂದೇಶ ಕಳಿಸುವುದಿಲ್ಲ, ಯಾಕಂದ್ರೆ ಅಲ್ಲಿ ಗೆಲ್ಲಲಿಲ್ಲ. ನನಗೆ ಬೇಜಾರಾಗುವುದು ಇದೇ.

ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ಸಿಪಾಯಿಗಳಲ್ಲಿ ಒಬ್ಬ ನಮ್ಮ ಮೈಸೂರಿನವನು. ಇನ್ನಿಬ್ಬರು ಜೋಧಪುರ, ಹೈದರಾಬಾದಿನವರು. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಸುತ್ತ ಬಸ್ಸು ಆಟೋ ಗಲಾಟೆ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆಪಡೆಗಳನ್ನು ಸೇರಿಸಿ 1953ರಲ್ಲಿ ಕಟ್ಟಿದ್ದೇ ಇವತ್ತಿನ 61ನೇ ಕ್ಯಾವಲ್ರಿ. ಗಣರಾಜ್ಯೋತ್ಸವದ ದಿನ ಟಿವಿಯಲ್ಲಿ ಕುದುರೆ ಮೇಲೆ ಬರುತ್ತಾರಲ್ಲ, ಅವರು.

ಹರಿತಾನ್ ಹೆಸರು ನನಗೆ ಮೊದಲೇ ಎಲ್ಲೋ ಕೇಳಿದ ಹಾಗಿತ್ತು. ಆಮೇಲೆ ನೆನಪಾಯಿತು. ಸಿರಿಯಾದ ಅಂತರ್ಯುದ್ಧದ ವರ್ಷಗಳಲ್ಲಿ ಅಲೆಪ್ಪೊ ಸುದ್ದಿ ಬಂದಾಗ, ನಮ್ಮ ಕ್ಯಾಂಪಿನ ಟಿವಿಯಲ್ಲಿ ಬಾಂಬು ಬಿದ್ದ ಮನೆಗಳ ಕೆಳಗೆ ಅದೇ ಹೆಸರು ಬರುತ್ತಿತ್ತು.