ದೊಡ್ಡ ಎಂಸಿಬಿ ಹಾಕಿದರೆ ಸಾಕೇ? ಮನೆಯ ಸರ್ವಿಸ್ ವೈರ್ ಮತ್ತು ಪೈಪ್ ಆಯ್ಕೆ ಹೇಗೆ?

ಗೀಸರ್ ಆನ್ ಇರುವಾಗಲೇ ಇಂಡಕ್ಷನ್ ಒಲೆ ಹಾಕುತ್ತೇವೆ, ಮೇನ್ ಎಂಸಿಬಿ ಟ್ರಿಪ್ ಆಗಿ ಮನೆಯಿಡೀ ಕತ್ತಲು. "ಎಂಸಿಬಿ ಚಿಕ್ಕದಾಯಿತು, 32 ಆಂಪಿಯರ್‌ನದು ಹಾಕಿಸಿ" ಎಂದು ಯಾರೋ ಹೇಳುತ್ತಾರೆ. ಈ ಸಲಹೆ ಸರಿಯೇ? ಬನ್ನಿ, ತಿಳಿಯೋಣ.

ಎಂಸಿಬಿ ಇರುವುದು ಯಾಕೆ?

ಮುಖ್ಯವಾಗಿ ತಂತಿಯನ್ನು ಕಾಯಲು. ತಂತಿ ತಾಳುವುದಕ್ಕಿಂತ ಹೆಚ್ಚು ಕರೆಂಟ್ ಹರಿದರೆ ಅದು ಬಿಸಿಯಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ಸತತವಾಗಿ ತಾಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದಕ್ಕಿಂತ ಹೆಚ್ಚಾದರೆ ಹೊದಿಕೆ ಬೇಗ ಹಾಳಾಗುತ್ತದೆ, ಕೊನೆಗೆ ಶಾರ್ಟ್ ಆಗಿ ಬೆಂಕಿಯೂ ಹೊತ್ತಬಹುದು. ತಂತಿ ಹಳೆಯದನ್ನೇ ಉಳಿಸಿ ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ, ಕಾವಲುಗಾರನನ್ನು ಮಲಗಿಸಿದಂತೆ.

ಲೆಕ್ಕ ಹೇಗೆ?

2 ಕಿಲೋವ್ಯಾಟ್‌ನ ಗೀಸರ್, 2 ಕಿಲೋವ್ಯಾಟ್‌ನ ಇಂಡಕ್ಷನ್ ಒಲೆ, ನೀರೆತ್ತುವ ಮೋಟರ್‌ಗೆ ಸುಮಾರು 1 ಕಿಲೋವ್ಯಾಟ್: ಒಟ್ಟು 5. ಇದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 22 ಆಂಪಿಯರ್.

40 ಡಿಗ್ರಿ ಸೆಖೆಯಲ್ಲಿ, ಪೈಪಿನೊಳಗೆ, 2.5 ಚದರ ಮಿ.ಮೀ. ತಾಮ್ರದ ತಂತಿ ತಾಳುವುದು ಸುಮಾರು 21 ಆಂಪಿಯರ್. 32 ಆಂಪಿಯರ್ ಎಂಸಿಬಿಗೆ ಇದು ಸಾಲದು, 6 ಚದರ ಮಿ.ಮೀ. ಬೇಕು. ಅಲ್ಯೂಮಿನಿಯಂ ಆದರೆ ಸುಮಾರು 1.6 ಪಟ್ಟು ದಪ್ಪ, ಅಂದರೆ 10 ಚದರ ಮಿ.ಮೀ.

ದೂರವೂ ಲೆಕ್ಕಕ್ಕೆ ಬರುತ್ತದೆ. ಕಂಬದಿಂದ ಬೋರ್ಡ್‌ಗೆ 30 ಮೀಟರ್ ಇದ್ದರೆ ಕರೆಂಟ್ ಹೋಗಿಬರುವ ದಾರಿ 60 ಮೀಟರ್. 22 ಆಂಪಿಯರ್ ಹರಿಯುವಾಗ 2.5ರ ತಾಮ್ರದಲ್ಲಿ ಸುಮಾರು 9 ವೋಲ್ಟ್ ಇಳಿಯುತ್ತದೆ, 200 ವ್ಯಾಟ್ ತಂತಿಯಲ್ಲೇ ಶಾಖವಾಗಿ ಹೋಗುತ್ತದೆ. 6ರ ತಂತಿಯಲ್ಲಿ ಇಳಿಕೆ 4 ವೋಲ್ಟ್‌ಗಿಂತ ಕಡಿಮೆ, ನಷ್ಟ ಸುಮಾರು 80 ವ್ಯಾಟ್. "ದಪ್ಪ ತಂತಿ ಹೆಚ್ಚು ಕರೆಂಟ್ ಎಳೆಯುತ್ತದೆ, ಬಿಲ್ ಏರುತ್ತದೆ" ಎಂಬ ಮಾತು ಸುಳ್ಳು.

ಯಾವ ಪೈಪ್?

ಪೈಪ್ ತಂತಿಯನ್ನು ಪೆಟ್ಟು, ಇಲಿ, ಬಿಸಿಲಿನಿಂದ ಕಾಯುತ್ತದೆ. ಆದರೆ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಹೀಗಾಗಿ ತಂತಿಗಳನ್ನು ತುರುಕಬಾರದು. ಒಳಜಾಗದ ಸುಮಾರು 40 ಶೇಕಡಾ ಮಾತ್ರ ತುಂಬುವುದು ರೂಢಿ.

ಗೋಡೆಗೆ ದಪ್ಪ ಗೋಡೆಯ ಪಿವಿಸಿ ಪೈಪ್ ಸಾಕು. ವಾಹನ ತಗಲುವ ಕಡೆ, ಸೂರಿನ ಮೇಲೆ ನಿಲ್ಲಿಸುವ ಕಡೆ ಜಿಐ ಪೈಪ್ ಒಳ್ಳೆಯದು. ಆದರೆ ಜಿಐ ಪೈಪ್‌ಗೆ ಅರ್ಥಿಂಗ್ ಕೊಡಲೇಬೇಕು, ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಪೈಪಿನಲ್ಲಿ ಹೋಗಬೇಕು. ಬೇರೆ ಬೇರೆ ಪೈಪಿನಲ್ಲಿ ಹಾಕಿದರೆ ಕಬ್ಬಿಣವೇ ಬಿಸಿಯಾಗುತ್ತದೆ. ನೆಲದಡಿ ಎಳೆಯುವುದಾದರೆ ಆರ್ಮರ್ಡ್ ಕೇಬಲ್ ಬಳಸಿ.

ಮಲೆನಾಡು, ಕರಾವಳಿಯ ಮಳೆಯಲ್ಲಿ ಇನ್ನೊಂದು ಎಚ್ಚರ: ಪೈಪಿನ ಮೇಲ್ತುದಿ ಕೆಳಮುಖವಾಗಿ ಬಾಗಿರಲಿ, ತಂತಿ ಪೈಪಿಗೆ ಹೋಗುವ ಮುನ್ನ ಸ್ವಲ್ಪ ಜೋತುಬಿದ್ದಿರಲಿ. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಮೀಟರ್‌ಗೆ ಇಳಿಯುವುದಿಲ್ಲ.

ಖರೀದಿಸುವಾಗ, ಮಾಡಿಸುವಾಗ

* ಪಿವಿಸಿ ತಂತಿಯ ಮೇಲೆ ಐಎಸ್ 694, ಪೈಪಿನ ಮೇಲೆ ಐಎಸ್ 9537 ಗುರುತು ನೋಡಿ.
* ಅಲ್ಯೂಮಿನಿಯಂ ಮತ್ತು ತಾಮ್ರವನ್ನು ನೇರವಾಗಿ ಸುತ್ತಿ ಜೋಡಿಸಬಾರದು, ಜಾಯಿಂಟ್ ಸವೆದು ಬಿಸಿಯಾಗುತ್ತದೆ. ಎರಡು ಲೋಹಕ್ಕೂ ಹೊಂದುವ ಬೈಮೆಟಲ್ ಲಗ್ ಹಾಕಿಸಿ.
* ಬಳಕೆ ಮಂಜೂರಾದ ಲೋಡ್ ಮೀರುತ್ತಿದ್ದರೆ ಮೊದಲು ಅದನ್ನು ಹೆಚ್ಚಿಸಲು ವಿದ್ಯುತ್ ಕಂಪನಿಗೆ ಅರ್ಜಿ ಕೊಡಿ.

ಕಂಬದಿಂದ ಮೀಟರ್‌ವರೆಗಿನ ತಂತಿಯಲ್ಲಿ ಶಾರ್ಟ್ ಆದರೆ ಮನೆಯ ಮೇನ್ ಎಂಸಿಬಿ ಅದನ್ನು ತಡೆಯಲಾರದು. ಮೇನ್ ಆಫ್ ಮಾಡಿದರೂ ಅದರಲ್ಲಿ ಕರೆಂಟ್ ಇರುತ್ತದೆ. ಹಾಗಾಗಿ ಆ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದ, ಲೈನ್ ಆಫ್ ಮಾಡಿಸಿಯೇ ಮಾಡಿಸಬೇಕು.

ಒಟ್ಟಾರೆ ಹೇಳುವುದಾದರೆ, ದೊಡ್ಡ ಎಂಸಿಬಿ ಹಾಕಿದರೆ ಸಾಕು ಎಂಬುದು ತಪ್ಪು. ಮೊದಲು ಲೋಡ್ ಲೆಕ್ಕ, ಆಮೇಲೆ ಅದಕ್ಕೆ ತಕ್ಕ ತಂತಿ ಮತ್ತು ಪೈಪ್, ಕೊನೆಗೆ ಆ ತಂತಿಗೆ ಹೊಂದುವ ಎಂಸಿಬಿ.